ಒಂಬತ್ತು ಗಂಟೆಯ ಗುಳಿಗೆ

ಕೈ ನಡುಗಿದರೆ ಏನು ಮಹಾ, ಬಸಿಗೆ ಒಂದಿಷ್ಟು ಚಹಾ ಚೆಲ್ಲೀತು ಎನ್ನುವವರು ಒಮ್ಮೆ ತುಂಬಿದ ಬಸುರಿಯ ಕೈಗೆ ಗಾಜಿನ ಹಸಿರು ಬಳೆ ಏರಿಸಿ ನೋಡಬೇಕು. ಸುತ್ತ ಹತ್ತು ಹನ್ನೆರಡು ಮುತ್ತೈದೆಯರು ಕಣ್ಣು ನೆಟ್ಟು ಕೂತಿರುತ್ತಾರೆ. ಬಳೆಗಾರ್ತಿ ಹೆಬ್ಬೆರಳ ಬುಡವನ್ನು ಒಳಗೆ ಮಡಿಸಿ, ಗೆಣ್ಣುಗಳನ್ನು ಒತ್ತಿ ಹಿಡಿದು, ಹುಡುಗಿಗೆ ನೋವಾಗದಂತೆ, ಗಾಜಿಗೆ ಪೆಟ್ಟು ಬೀಳದಂತೆ ಬಳೆಯನ್ನು ಮಣಿಕಟ್ಟಿಗೆ ದಾಟಿಸಬೇಕು. ಕೂದಲೆಳೆಯಷ್ಟು ಕೈ ಅಲುಗಿದರೂ ಟಣ್ ಎಂದಿತು. ಬಳೆ ಒಡೆಯಿತು ಎಂದು ಯಾರೂ ಅನ್ನುವುದಿಲ್ಲ, ಅನ್ನಬಾರದು, ಹೆಚ್ಚಿತು ಎನ್ನುತ್ತಾರೆ. ಬಾಯಿ ಹಾಗೆ ಹೇಳಿದರೂ ಮನಸ್ಸು ಕೇಳಬೇಕಲ್ಲ! ಮುಂದೆ ಹೆರಿಗೆಯಲ್ಲಿ ಒಂದಿಷ್ಟು ಏರುಪೇರಾದರೆ ಡಾಕ್ಟರನ್ನು ಯಾರೂ ಬಯ್ಯುವುದಿಲ್ಲ. ಬಳೆ ಇಟ್ಟವಳನ್ನು ಬಯ್ಯುತ್ತಾರೆ.

ಆಳಂದದ ಕುಲಸುಮಬಿ ಇಪ್ಪತ್ತು ವರ್ಷ ಈ ಕೆಲಸ ಮಾಡಿದವಳು. ಅತ್ತೆಯಿಂದ ಕಲಿತದ್ದು, ಅತ್ತೆಯ ಕಾಲದಿಂದ ಬಂದ ಮನೆಗಳು. ಜಿಡಗಾದ ಗೌಡರ ಮನೆಯಿಂದ ಹಿಡಿದು ಕಡಗಂಚಿಯ ಅಂಗಡಿಕಾರರ ಮನೆಯವರೆಗೆ, ಮದುವೆಯಿರಲಿ, ಬಸುರಿಯ ಕುಬಸವಿರಲಿ, ಬಳೆಯ ಮಲಾರ ಹೆಗಲಿಗೇರಿಸಿ ಅವಳೇ ಹೋಗಬೇಕು. ಅವಳು ಇಟ್ಟರೆ ಬಳೆ ನೀರು ಜಾರಿದ ಹಾಗೆ ಜಾರುತ್ತದೆ ಎಂದು ಹೆಸರು. ಆ ಹೆಸರೊಂದೇ ಅವಳು ತನ್ನ ಸ್ವಂತದ್ದು ಎಂದು ಎಣಿಸಿಕೊಂಡಿದ್ದ ಆಸ್ತಿ.

ಅವಳ ಹೊಟ್ಟೆಯ ಬಲಗಡೆ, ತುಸು ಕೆಳಗೆ, ಇನ್ನೊಂದು ಆಸ್ತಿಯಿತ್ತು. ಅದು ಅವಳ ಸ್ವಂತದ್ದಲ್ಲ, ಗಂಡ ದಾವಲಸಾಬನದು. ಎರಡೂ ಕಿಡ್ನಿ ಕೈಕೊಟ್ಟು, ವಾರಕ್ಕೆ ಮೂರು ಸಲದಂತೆ ಮೂರು ವರ್ಷ ಡಯಾಲಿಸಿಸ್ ಮಷೀನಿನ ಪಕ್ಕ ಮಲಗಿ ಅವಳು ಕಡ್ಡಿಯಾಗಿದ್ದಾಗ, ಆಳಂದ–ಕಡಗಂಚಿ ನಡುವೆ ಟಂಟಂ ಆಟೋ ಓಡಿಸುವ ಆ ಮನುಷ್ಯ ಒಂದು ದಿನ ಊಟಕ್ಕೆ ಕೂತಲ್ಲೇ, ನಂದು ಒಂದು ತಗೋರಿ ಅಂತ ಹೇಳಿ ಬಂದೇನಿ ಅಂದುಬಿಟ್ಟ. ಹೈದರಾಬಾದಿನಲ್ಲಿ ಆಪರೇಷನ್ ಆಗಿ ಈಗ ಎರಡು ವರ್ಷ. ಊರ ಬಾಯಿಗೆ ಬೀಗ ಹಾಕಲಿಕ್ಕಾದೀತೆ? ಹೆಂಗಸಿನ ಸಲುವಾಗಿ ಗಂಡಸು ಹೊಟ್ಟೆ ಕೊಯ್ಸಿಕೊಂಡಾನಂತ ಎಂದು ಒಂದು ತಿಂಗಳು ಆಡಿಕೊಂಡರು. ಅಫಜಲಪುರಕ್ಕೆ ಕೊಟ್ಟಿದ್ದ, ಅಲ್ಲಿ ತಾನೂ ಬಳೆ ಇಡುವ ಗಂಡನ ಅಕ್ಕ ಜೈತುನಬಿಯಂತೂ ದವಾಖಾನೆಯ ಹಾಸಿಗೆಯ ಪಕ್ಕದಲ್ಲೇ ನಿಂತು, "ಹೆಂಡ್ತಿ ಇನ್ನೊಬ್ಬಾಕಿ ಸಿಗ್ತಿದ್ಲು. ಕಿಡ್ನಿ ಇನ್ನೊಂದು ಎಲ್ಲಿಂದ ತರ್ತಿ?" ಎಂದು ತಮ್ಮನನ್ನು ಕೇಳಿದ್ದಳು. ಕುಲಸುಮಬಿ ಕಣ್ಣು ಮುಚ್ಚಿದ್ದಳೇ ಹೊರತು ನಿದ್ದೆ ಮಾಡಿರಲಿಲ್ಲ. ಆ ಮಾತು ಹೊಟ್ಟೆಯ ಹೊಲಿಗೆಗಿಂತ ಹೆಚ್ಚು ದಿನ ನೋಯಿಸಿತು.

ದಾವಲಸಾಬನಿಗೆ ತಾನು ಕೊಟ್ಟ ಕಿಡ್ನಿಯೊಂದು ತಮಾಷೆ. ದಿನಾ ಮುಂಜಾನೆ ಟಂಟಂ ಹೊರಡಿಸುವ ಮೊದಲು ಬಾಗಿಲಲ್ಲಿ ನಿಂತು, "ಏನ್ ಬೇ, ನನ್ನ ಸಾಮಾನು ಹೆಂಗದ?" ಎಂದು ಕೇಳುವನು.

"ಬರೋಬರಿ ಅದರಿ," ಎಂದು ಅವಳು ನಗುವಳು. ಮಗಳು ಮಹೆಕ ಪಿಯುಸಿ ಓದುವ ಹುಡುಗಿ, ಅವಳೂ ನಗುವಳು. ಮುಂಜಾನೆ ಒಂಬತ್ತಕ್ಕೊಮ್ಮೆ, ರಾತ್ರಿ ಒಂಬತ್ತಕ್ಕೊಮ್ಮೆ ಮಹೆಕಳ ಫೋನು ಗಂಟೆ ಹೊಡೆಯುತ್ತದೆ. ಅದು ಗುಳಿಗೆಯ ಹೊತ್ತು. ಬೇರೆಯವರ ಕಿಡ್ನಿಯನ್ನು ಮೈ ಎಂದಿಗೂ ತನ್ನದು ಎನ್ನುವುದಿಲ್ಲವಂತೆ, ವೈರಿ ಎಂದು ತಿಳಿದು ಹೊಡೆದು ಹಾಕುತ್ತದಂತೆ. ಹಾಗೆ ಹೊಡೆಯದಂತೆ ಮೈಯ ಕೈ ಕಟ್ಟಿ ಹಾಕುವ ಗುಳಿಗೆ ಇವು. ಸಾಯುವ ತನಕ ನುಂಗಬೇಕು. ಒಂದು ದಿನ ಬಿಟ್ಟರೂ ಕಿಡ್ನಿಯನ್ನೇ ಬಿಟ್ಟ ಹಾಗೆ ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು.

ಗುಳಿಗೆ ಮೈಯ ಕೈ ಕಟ್ಟಿತೋ ಏನೋ, ಕುಲಸುಮಬಿಯ ಕೈ ಮಾತ್ರ ನಡುಗಲು ಶುರುವಾಯಿತು. ಮೊದಲು ಸೂಜಿಗೆ ದಾರ ಪೋಣಿಸುವಾಗ. ಆಮೇಲೆ ರೊಟ್ಟಿ ತಟ್ಟುವಾಗ. ದೀಪಾವಳಿ ಮುಗಿದು ಮದುವೆಯ ಸುಗ್ಗಿ ಬಂದಾಗ ಅಫಜಲಪುರದ ಒಂದು ಮನೆಯಲ್ಲಿ ಮದುಮಗಳ ಕೈಯಲ್ಲೇ ಮೂರು ಬಳೆ ಹೆಚ್ಚಿದವು. ಮೂರನೆಯದು ಹುಡುಗಿಯ ಚರ್ಮ ಗೀರಿ ರಕ್ತ ಬಂತು. ಹುಡುಗಿಯ ಅಜ್ಜಿ ಮೆಲ್ಲಗೆ, "ಕುಲಸುಮವ್ವಾ, ಮುಂದಿನ ಸಲ ನಿಮ್ಮ ಜೈತುನಬೀನ್ನ ಕಳಸು," ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಮೆಲ್ಲಗೆ ಹೇಳಿದ್ದು ಎದೆಗೆ ಹೊಕ್ಕಿತು.

ಅಂದಿನಿಂದ ಅವಳಿಗೆ ಅಂಜಿಕೆ ಹತ್ತಿತು. ಅಂಜಿಕೆ ಎಂದರೆ ಕತ್ತಲೆಗೆ ಅಂಜಿದಂತಲ್ಲ. ಬೆಳ್ಳಂಬೆಳಗ್ಗೆ, ಬಿಸಿಲಿನಲ್ಲಿ, ಒಲೆಯ ಮುಂದೆ ಕೂತಿರುವಾಗ ಒಮ್ಮೆಲೇ ಎದೆ ಡಬಡಬ ಬಡಿಯುವುದು, ಬಾಯಿ ಒಣಗುವುದು, ಇನ್ನೊಂದು ಗಳಿಗೆಗೆ ಸತ್ತೆ ಎನ್ನಿಸುವುದು. ಯಾರಾದರೂ ಕೆಮ್ಮಿದರೆ ಜಡ್ಡು ತನಗೆ ಹತ್ತಿತು ಎಂದು ಓಡುವಳು. ಕನ್ನಡಿಯಲ್ಲಿ ಮುಖ ಗುಳಿಗೆಯಿಂದ ಬಾತು ಬೇರೆಯವರ ಮುಖದ ಹಾಗೆ ಕಾಣುವುದು. ತಲೆ ಬಾಚಿಕೊಳ್ಳಲಿಕ್ಕೂ ಮನಸ್ಸು ಬಾರದು. ತನ್ನೊಳಗೆ ದಾವಲಸಾಬನದು ಒಂದು ತುಂಡು ಕೂತು, ನನ್ನನ್ನು ಸರಿಯಾಗಿ ನೋಡಿಕೋ ಎಂದು ಹಗಲೂ ಇರುಳೂ ಕಾಯುತ್ತಿದೆ ಎನ್ನಿಸಿ, ಆ ಜಾಗದ ಮೇಲೆ ಅಂಗೈ ಇಟ್ಟುಕೊಂಡು ಗೋಡೆ ನೋಡುತ್ತ ಕೂರುವಳು. ದವಾಖಾನೆಯವರು ಒಮ್ಮೆ, ಬೇಕಾದರೆ ಮನಸ್ಸಿನ ಡಾಕ್ಟರಿಗೆ ತೋರಿಸೋಣ ಅಂದಿದ್ದರು. ಕೇಳಿದ ಜೈತುನಬಿ, "ಯಾ ಅಲ್ಲಾ, ಹುಚ್ಚರ ಡಾಕ್ಟರಾ?" ಎಂದು ಕೆನ್ನೆ ಬಡಿದುಕೊಂಡಳು. ಮುಗಿಯಿತು, ಕುಲಸುಮಬಿ ಮತ್ತೆ ಆ ಮಾತು ಎತ್ತಲಿಲ್ಲ.

ಹೀಗಿರುವಾಗ ಒಂದು ದಿನ ಕಡಗಂಚಿಯ ಮದುವೆಗೆ ಮುಂಜಾನೆ ಎಂಟಕ್ಕೇ ಹೊರಡುವ ಗಡಿಬಿಡಿಯಲ್ಲಿ ಗುಳಿಗೆ ಮರೆತೇಹೋಯಿತು. ಖರೇ ಮರೆತದ್ದು, ಬೇಕಂತಲ್ಲ. ಅಂದು ಕೈ ನಡುಗಲಿಲ್ಲ. ಎರಡು ಡಜನ್ ಬಳೆ, ಒಂದೂ ಹೆಚ್ಚಲಿಲ್ಲ. ಮದುಮಗಳ ಅವ್ವ, "ನಿನ್ನ ಕೈಯಾಗ ಜಾದು ಅದ ಬಿಡು," ಎಂದಳು. ಮನೆಗೆ ಬರುವಾಗ ಟಂಟಂನ ಹಿಂದಿನ ಸೀಟಿನಲ್ಲಿ ಕುಲಸುಮಬಿ ತನ್ನ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತ ಬಂದಳು. ಹಳೆಯ ಕೈಗಳು ವಾಪಸ್ಸು ಬಂದಿದ್ದವು. ಎಷ್ಟೋ ತಿಂಗಳಿಗೆ ಅವಳಿಗೆ ಹಸಿವೆಯಾಯಿತು.

ಆಮೇಲೆ ಮರೆಯಲಿಲ್ಲ. ಬೇಕಂತಲೇ ಬಿಟ್ಟಳು. ಬಳೆ ಇಡುವ ದಿನ ಮುಂಜಾನೆಯದೊಂದು ಬಿಟ್ಟರೆ ಏನಾದೀತು? ಏನೂ ಆಗಲಿಲ್ಲ. ಹಿಂದಿನ ರಾತ್ರಿಯದನ್ನೂ ಬಿಟ್ಟಳು. ಆಗಲೂ ಏನೂ ಆಗಲಿಲ್ಲ. ಫೋನು ಗಂಟೆ ಹೊಡೆದಾಗ ಮಹೆಕ ನೀರು ತಂದುಕೊಡುವಳು. ಇವಳು ಗುಳಿಗೆಯನ್ನು ಅಂಗೈಗೆ ಸುರುವಿಕೊಂಡು, ಬಳೆಗಾರ್ತಿಯ ಕೈಚಳಕದಲ್ಲಿ ಹೆಬ್ಬೆರಳ ಬುಡಕ್ಕೆ ಮಡಿಸಿ ಹಿಡಿದು, ಬರೀ ನೀರು ಗುಟುಕರಿಸಿ ತಲೆ ಮೇಲೆತ್ತುವಳು. ಎಷ್ಟೋ ಸಾವಿರ ಕೈಗಳ ಗೆಣ್ಣು ಮಡಿಸಿದವಳಿಗೆ ತನ್ನ ಕೈಯಲ್ಲಿ ಒಂದು ಗುಳಿಗೆ ಮುಚ್ಚುವುದು ಯಾವ ಲೆಕ್ಕ? ಬಿಸಾಡಲು ಮನಸ್ಸಾಗದೆ ಅವನ್ನು ಕೆಂಪು ಬಳೆಯ ಖಾಲಿ ಡಬ್ಬಿಯಲ್ಲಿ ಹಾಕಿಡುವಳು.

ಮುಂಜಾನೆ ಬಾಗಿಲಲ್ಲಿ ನಿಂತು ಅವನು ಕೇಳುವನು: "ನನ್ನ ಸಾಮಾನು ಹೆಂಗದ?"

"ಬರೋಬರಿ ಅದರಿ."

ತಿಂಗಳಿಗೊಮ್ಮೆ ಕಲಬುರಗಿಯ ದವಾಖಾನೆಯಲ್ಲಿ ರಕ್ತ ತೆಗೆಯುತ್ತಿದ್ದರು. ರಕ್ತದಲ್ಲಿ ಗುಳಿಗೆ ಎಷ್ಟು ಉಳಿದಿದೆ ಎಂದು ಅದರಲ್ಲಿ ಗೊತ್ತಾಗುತ್ತದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವ ಸ್ಥಿತಿ ಅವಳದು. ಅದಕ್ಕೊಂದು ದಾರಿ ಕಂಡುಕೊಂಡಳು: ತಪಾಸಣೆಗೆ ಮೂರು ದಿನವಿರುವಾಗ ಎಲ್ಲ ಬಳೆಯ ಕೆಲಸ ಬಿಟ್ಟು ಹೊತ್ತು ಹೊತ್ತಿಗೆ ಗುಳಿಗೆ ನುಂಗುವುದು. ಮೂರು ದಿನ ಸಾಕಾಗದೇನೋ ಎಂಬ ಹೆದರಿಕೆಗೆ ಒಂದರ ಬದಲು ಎರಡು ನುಂಗುವುದು. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ ಎಂದುಕೊಂಡಳು. ಹಾವು ಹೊಟ್ಟೆಯೊಳಗೇ ಇತ್ತು ಎಂದು ಅವಳಿಗೆ ಹೇಳುವವರು ಯಾರು?

ಡಾಕ್ಟರ್ ಸುನೀಲಕುಮಾರ ಜೇವರ್ಗಿ ಕಡೆಯವರು, ರೋಗಿಗಳ ಹತ್ತಿರ ಮನೆಯ ಮಾತೇ ಆಡುವವರು. ಮೂರನೆಯ ತಿಂಗಳಿಗೆ ಅವರು ಕಾಗದ ನೋಡಿ ಹುಬ್ಬು ಗಂಟಿಕ್ಕಿದರು. "ರಕ್ತದಾಗ ಔಷಧ ಜಾಸ್ತಿ ಅದಲ್ಲಾ. ಕಿಡ್ನಿ ನಂಬರೂ ಜರಾ ಮ್ಯಾಲ ಹೋಗ್ಯಾದ. ಗುಳಿಗಿ ಬಿಸಿ ಕಿಡ್ನಿಗಿ ತಾಕಾಕತ್ತದೇನೋ. ಹೊತ್ತಿಗೆ ಸರಿಯಾಗಿ ತಗೋತೀರಲ್ಲಾ?"

ಅವಳು ಬಾಯಿ ತೆರೆಯುವ ಮೊದಲೇ ಪಕ್ಕದ ಕುರ್ಚಿಯಿಂದ ದಾವಲಸಾಬ ಎದೆ ಸೆಟೆಸಿ, "ಒಂದೂ ತಪ್ಪಿಲ್ರಿ ಸಾಹೇಬ್ರ! ಒಂಬತ್ತಂದ್ರ ಒಂಬತ್ತು," ಎಂದ. ಅವನ ಮುಖದಲ್ಲಿ ಪಾಸಾದ ಹುಡುಗನ ತಂದೆಯ ಜಂಬವಿತ್ತು. ಅದನ್ನು ನೋಡಿ ಅವಳು ತೆರೆದ ಬಾಯಿ ಮುಚ್ಚಿದಳು.

ಡಾಕ್ಟರು ಗುಳಿಗೆಯ ಪ್ರಮಾಣ ಕಡಿಮೆ ಮಾಡಿದರು. ಇದ್ದದ್ದನ್ನೇ ನುಂಗದವಳಿಗೆ ಇನ್ನೂ ಕಡಿಮೆ! ಆ ದಿನ ಹೇಳಬೇಕಿತ್ತು. ಹೇಳಲಿಲ್ಲ. ಸುಳ್ಳಿಗೆ ಒಂದು ಗುಣವಿದೆ, ಮೊದಲ ದಿನ ನಾವು ಅದನ್ನು ಹೊರುತ್ತೇವೆ, ಆಮೇಲೆ ಅದು ನಮ್ಮ ಮೇಲೆ ಕೂತು ಸವಾರಿ ಮಾಡುತ್ತದೆ.

ಜಿಡಗಾದ ಗೌರಾಬಾಯಿಯ ಸೊಸೆ ಬಸವೇಶ್ವರಿಯ ಕುಬಸ ಮರುತಿಂಗಳು ಬಂತು. ಎರಡು ಸಲ ಹೊಟ್ಟೆ ಇಳಿದು ಮೂರನೆಯದಕ್ಕೆ ಏಳು ತಿಂಗಳು ತುಂಬಿದ ಹುಡುಗಿ. ಗೌರಾಬಾಯಿ ಫೋನಿನಲ್ಲೇ, "ಕುಲಸುಮಾ, ಒಂದು ಬಳಿಗೂ ಪೆಟ್ಟಾಗಬಾರದು ನೋಡು. ನಿನ್ನ ಮ್ಯಾಲ ಭಾರ ಹಾಕೇನಿ," ಎಂದಿದ್ದಳು. ಅಂಥ ಕೈ ಹಿಡಿಯಬೇಕಾದರೆ ಯಾರ ಎದೆಯೂ ಧಸಕ್ಕೆನ್ನುತ್ತದೆ. ಕುಲಸುಮಬಿ ಈ ಸಲ ಒಂದು ಹೊತ್ತಿನದಲ್ಲ, ಐದು ದಿನದ ಗುಳಿಗೆ ಬಿಟ್ಟಳು.

ಕೈ ಕಲ್ಲಿನಂತೆ ನಿಂತಿತು. ಒಂದೊಂದು ಬಳೆ ಗೆಣ್ಣು ದಾಟುವಾಗಲೂ ಗೌರಾಬಾಯಿ ಉಸಿರು ಬಿಗಿಹಿಡಿದಳು, ಕೊನೆಯದು ದಾಟಿದಾಗ ಸೊಸೆಯ ಹಣೆಗೆ ಮುತ್ತಿಟ್ಟಳು. ಬಳೆಗಾರ್ತಿಗೆ ಹೋಳಿಗೆ, ತುಪ್ಪ, ಹಸಿರು ಸೀರೆ. ಬಸವೇಶ್ವರಿ ಬಳೆ ಸದ್ದು ಮಾಡುವ ಕೈಗಳಿಂದ ಅವಳ ಕೈ ಹಿಡಿದು, "ನೀವಿದ್ರ ನನಗ ಧೈರ್ಯ ನೋಡ್ರಿ," ಎಂದಳು. ಕುಲಸುಮಬಿ ಹಿಗ್ಗಿದಳು. ಎದ್ದು ಹೊರಟಾಗ ಚಪ್ಪಲಿ ಕಾಲಿಗೆ ಹಿಡಿಸಲಿಲ್ಲ.

ಮೊದಲು ಬೇರೆಯವರ ಚಪ್ಪಲಿ ಇರಬೇಕು ಎಂದುಕೊಂಡಳು. ಅಲ್ಲ, ಅವಳದೇ. ಬಗ್ಗಿ ಪಾದದ ಮೇಲೆ ಬೆರಳೊತ್ತಿದಳು. ಬೆರಳು ತೆಗೆದ ಮೇಲೂ ಕುಳಿ ಹಾಗೇ ಉಳಿಯಿತು. ಮಷೀನು ಹತ್ತಿಸುವ ಮೊದಲು, ಐದು ವರ್ಷದ ಹಿಂದೆ, ಹೀಗೇ ಶುರುವಾಗಿತ್ತು. ಗುಳಿಗೆ ಬಿಡಲು ಹತ್ತಿದಂದಿನಿಂದ ಮುಂಜಾನೆ ಎಷ್ಟು ಮೂತ್ರ ಹೋಯಿತು ಎಂದು ನೋಡುವುದನ್ನೇ ಬಿಟ್ಟಿದ್ದಳು. ಈಗ ನೆನಪು ಮಾಡಿಕೊಂಡರೆ ಎರಡು ದಿನದಿಂದ ಹೋದದ್ದು ಹೋಗದಿದ್ದಂತೆಯೇ. ಬಲಗಡೆಯ ಆ ಜಾಗ ಮುಟ್ಟಿದರೆ ಹಣ್ಣಾದ ಗಾಯದಂತೆ ನೋಯುತ್ತಿತ್ತು.

ಮನೆಗೆ ಬಂದವಳೇ ಬಾಗಿಲು ಹಾಕಿ ಕೆಂಪು ಬಳೆಯ ಡಬ್ಬಿ ತೆರೆದಳು. ಎರಡು ನುಂಗಿದಳು. ಇನ್ನೆರಡು ನುಂಗಿದಳು. ಅಲ್ಲಾ, ಈ ಸಲ ಉಳಿಸು, ಇನ್ನು ಬಳೆ ಮುಟ್ಟುವುದಿಲ್ಲ, ಮಲಾರಕ್ಕೇ ಬೆಂಕಿ ಇಡುತ್ತೇನೆ ಎಂದು ನೆಲಕ್ಕೆ ಹಣೆ ಹಚ್ಚಿದಳು. ಬಾವಿ ಬತ್ತಿದ ಮೇಲೆ ಹಗ್ಗ ಹೊಸೆದರೆ ಏನು ಬಂತು? ಎರಡು ದಿನ ಹಾಗೇ ಹೊತ್ತು ಹೊತ್ತಿಗೆ ಎರಡೆರಡು ನುಂಗುತ್ತ, ಸೀರೆಯ ನೆರಿಗೆ ಇಳಿಬಿಟ್ಟು ಪಾದ ಮುಚ್ಚಿಕೊಂಡು ಓಡಾಡಿದಳು. ಮೂರನೆಯ ಮುಂಜಾನೆ ನೀರು ಕೊಡಲು ಬಂದ ಮಹೆಕ ಬಗ್ಗಿ ನೋಡಿ, "ಅಮ್ಮೀ, ನಿನ್ನ ಪಾದ!" ಎಂದು ಚೀರಿದಳು. ಬಾಗಿಲಲ್ಲಿ ನಿಂತು ಎಂದಿನ ಪ್ರಶ್ನೆ ಕೇಳಬೇಕೆಂದಿದ್ದ ದಾವಲಸಾಬ ಕೇಳದೆ ಒಳಗೆ ಬಂದ.

ಕಲಬುರಗಿಯ ದಾರಿ ತುಂಬ ಅವನು ಬಾಡಿಗೆ ಜೀಪಿನಲ್ಲಿ ಅವಳ ಪಾದಗಳನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅವಳು ಕಿಟಕಿಯ ಹೊರಗೆ ನೋಡಿದಳು. ಅವನ ಮುಖ ನೋಡುವ ಧೈರ್ಯ ಅವಳಿಗಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ರಕ್ತದ ಕಾಗದ ಬಂತು. ಡಾಕ್ಟರು ಅದನ್ನು ಎರಡು ಸಲ ಓದಿದರು. "ಕಿಡ್ನಿ ನಂಬರು ಒಂದು ಪಾಯಿಂಟ್ ಒಂದು ಇದ್ದದ್ದು ಎರಡು ಪಾಯಿಂಟ್ ಎಂಟಕ್ಕ ಹೋಗ್ಯಾದ. ಇದು ಛಲೋ ಅಲ್ರಿ. ಔಷಧ ನೋಡಿದ್ರ ರಕ್ತದಾಗ ಈಗೂ ಜಾಸ್ತೀನೇ ಅದ, ಕಡಿಮಿ ಮಾಡಿದ ಮ್ಯಾಲೂ. ನನಗ ತಿಳೀವಲ್ದು. ಗುಳಿಗಿ ತಪ್ಪಿಲ್ಲಂತೀರಿ..."

"ಒಂದೂ ತಪ್ಪಿಲ್ರಿ," ಎಂದ ದಾವಲಸಾಬ. ಈ ಸಲ ಜಂಬವಿರಲಿಲ್ಲ, ದನಿ ಸಣ್ಣಗಿತ್ತು.

"ಹಂಗಾದ್ರ ಗುಳಿಗೀನೇ ಕಿಡ್ನಿ ಕೆಡಸಾಕತ್ತದ ಅಂತ ಅನಸ್ತದ. ಸೂಜಿ ಹಾಕಿ ಕಿಡ್ನಿದೊಂದು ಚೂರು ತಗದು ತಪಾಸಣಾಕ್ಕ ಕಳಸೋಣ. ಅದರ ರಿಪೋರ್ಟ್ ಬರೂತನಕ ಈ ಗುಳಿಗಿ ಪೂರಾ ನಿಲ್ಲಸೋಣ." ಡಾಕ್ಟರು ಪೆನ್ನು ತೆರೆದರು.

ಪೂರಾ ನಿಲ್ಲಿಸುವುದು! ಗುಳಿಗೆ ಇಲ್ಲದೇ ಸಾಯುತ್ತಿರುವ ಕಿಡ್ನಿಗೆ, ಅವಳ ಸುಳ್ಳು ನಂಬಿ, ಉಳಿದ ಗುಳಿಗೆಯನ್ನೂ ನಿಲ್ಲಿಸುತ್ತಿದ್ದರು. ಹೇಳು ಎಂದು ಒಳಗಿನಿಂದ ಯಾರೋ ಕಿರುಚಿದರು. ಹೇಳಿದರೆ ಈ ಮನುಷ್ಯ ಏನು ಮಾಡಿಯಾನು? ಬಿಟ್ಟಾನು. ಬಿಡಬೇಕಾದದ್ದೇ. ಜೈತುನಬಿ ಊರೆಲ್ಲ ಸಾರಿಯಾಳು. ಮಹೆಕ ಮುಖ ತಿರುಗಿಸಿಯಾಳು. ಪೆನ್ನು ಕಾಗದದ ಮೇಲೆ ಓಡುವ ಸಪ್ಪಳ ಕೇಳುತ್ತಿತ್ತು.

ಆಗ ದಾವಲಸಾಬ ಕುರ್ಚಿಯಿಂದ ಎದ್ದು ಡಾಕ್ಟರ ಮೇಜಿನ ಹತ್ತಿರ ಹೋದ. ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಸಾಹೇಬ್ರ, ಒಂದು ಮಾತು ಕೇಳತೇನಿ, ಸಿಟ್ಟಾಗಬ್ಯಾಡ್ರಿ. ನಾ ಹನ್ನೆರಡು ವರ್ಷ ಗುಟಕಾ ತಿಂದೇನಿ. ಹೈದರಾಬಾದಿನ್ಯಾಗ ಕೇಳಿದಾಗ ಬಿಟ್ಟು ಮೂರು ವರ್ಷ ಆತು ಅಂತ ಹೇಳಿದ್ದೆ. ಸುಳ್ಳು. ಮೂರು ತಿಂಗಳಾಗಿತ್ತು, ಅಷ್ಟೇ. ಖರೇ ಹೇಳಿದ್ರ ಎಲ್ಲಿ ಬ್ಯಾಡ ಅಂತಾರೋ ಅಂತ ಅಂಜಿದ್ದೆ. ಹೋದ ತಿಂಗಳು ನೀವು ನಂಬರು ಮ್ಯಾಲ ಹೋಗ್ಯಾದ ಅಂದ್ರಲ್ಲಾ, ಅವತ್ತಿನಿಂದ ನನಗ ನಿದ್ದಿ ಇಲ್ಲ. ನಾ ಅಕಿಗಿ ಕೊಟ್ಟದ್ದೇ ಕೆಟ್ಟ ಮಾಲೇನ್ರಿ?"

"ಛೇ, ಹಂಗಲ್ಲ ದಾವಲಸಾಬ," ಎಂದರು ಡಾಕ್ಟರು.

"ಇನ್ನೊಂದು ಅದಲ್ರಿ ನನ್ನ ಹತ್ರ." ಅವನು ಅಂಗಿಯ ಮೇಲಿನಿಂದಲೇ ಸೊಂಟ ಮುಟ್ಟಿ ತೋರಿಸಿದ. "ಬಿಟ್ಟಮ್ಯಾಲ ಎರಡು ವರ್ಷ ಆತು, ಇದು ಶುದ್ಧ ಆಗಿರ್ತದ. ಇದನ್ನ ತಗೋರಿ."

"ಎರಡೂ ಕೊಟ್ಟು ನೀವೇನು ಮಾಡ್ತೀರಿ?"

"ಮಷೀನಿನ ಮ್ಯಾಲ ಮಲಗತೇನ್ರಿ. ಅಕಿ ಮೂರು ವರ್ಷ ಮಲಗಿಲ್ಲೇನು? ಗಂಡಸು ನಾ, ನನಗ ನಡೀತದ."

ಕುಲಸುಮಬಿ ಏನೂ ಯೋಚಿಸಲಿಲ್ಲ. ಯೋಚಿಸಿದ್ದರೆ ಇನ್ನೂ ಸುಮ್ಮನೇ ಇರುತ್ತಿದ್ದಳು. "ಅವರದು ಛಲೋ ಅದರಿ!" ಎಂದು ಕೂಗಿಬಿಟ್ಟಳು. "ಕೆಡಸಿದಾಕಿ ನಾ. ನಾಲ್ಕು ತಿಂಗಳಾತು, ಗುಳಿಗಿ ಬಿಡಾಕತ್ತೇನಿ. ನೀವು ರಕ್ತ ತಗಿಯೂ ಮುಂದ ಅಷ್ಟೇ ನುಂಗತೇನಿ, ಎರಡೆರಡು ನುಂಗತೇನಿ. ನಿಲ್ಲಸಬ್ಯಾಡ್ರಿ ಡಾಕ್ಟ್ರ, ಬರೀಬ್ಯಾಡ್ರಿ ಅದನ್ನ!"

ದಾವಲಸಾಬ ಅವಳತ್ತ ತಿರುಗಿದ. ಸಿಟ್ಟಿದ್ದರೆ ಅವಳಿಗೆ ತಿಳಿಯುತ್ತಿತ್ತು, ಆದರೆ ಅವನ ಮುಖದಲ್ಲಿ ಏನೂ ಇರಲಿಲ್ಲ. ಟೋಪಿ ತಲೆಗಿಟ್ಟುಕೊಂಡು, ಬಾಗಿಲು ತೆಗೆದುಕೊಂಡು ಹೊರಗೆ ಹೋದ. ಅವಳು "ಮಹೆಕನ ಅಬ್ಬಾ" ಎಂದು ಕರೆದದ್ದು ಅವಳಿಗೇ ಕೇಳಿಸಲಿಲ್ಲ.

ಡಾಕ್ಟರು ಬರೆದ ಕಾಗದ ಹರಿದು ಹಾಕಿ ಫೋನು ಎತ್ತಿಕೊಂಡರು. ಈಗಿಂದೀಗಲೇ ಭರ್ತಿ ಮಾಡಿಕೊಳ್ಳಿ, ಮೂರು ದಿನದ ಇಂಜೆಕ್ಷನ್ ಸಿದ್ಧಮಾಡಿ, ನಾಳೆ ಸೂಜಿ ತಪಾಸಣೆ ಎಂದು ಪಟಪಟ ಹೇಳಿದರು. ಫೋನಿಟ್ಟು ಅವಳ ಮುಂದೆ ಕುರ್ಚಿ ಎಳೆದುಕೊಂಡು ಕೂತರು. "ಯಾಕವ್ವಾ?"

"ಕೈ ನಡಗ್ತಾವ್ರಿ. ಬಳಿ ಹೆಚ್ಚತಾವ್ರಿ."

"ಅಷ್ಟಕ್ಕಾ?" ಡಾಕ್ಟರು ಪೆನ್ನು ಕೆಳಗಿಟ್ಟರು. "ಕೈ ನಡಗ್ತಾವ ಅಂತ ಒಂದು ಮಾತು ನನ್ನ ಮುಂದ ಅಂದಿದ್ರ ಗುಳಿಗಿ ಬದಲು ಮಾಡತಿದ್ನಲ್ಲವ್ವಾ. ದಿನಕ್ಕೊಂದೇ ಸಲ ತಗೊಳ್ಳೂದು ಬರ್ತದ, ಅದರಾಗ ನಡಕ ಕಡಿಮಿ. ನೀ ಒಬ್ಬಾಕಿ ಅಲ್ಲ, ಹಿಂಗ ಬಿಡೋ ಮಂದಿ ಭಾಳ ಅದಾರ. ಆದ್ರ ಹೇಳೋ ಮಂದಿ ಕಡಿಮಿ."

ಒಂದು ಮಾತು! ನಾಲ್ಕು ತಿಂಗಳು ಡಬ್ಬಿಯಲ್ಲಿ ಗುಳಿಗೆ ಮುಚ್ಚಿಟ್ಟದ್ದು ಆ ಒಂದು ಮಾತು ಆಡದ್ದಕ್ಕಾಗಿ. ಅವಳಿಗೆ ಅಳು ತಡೆಯಲಾಗಲಿಲ್ಲ. ಅಳುತ್ತಲೇ ಉಳಿದದ್ದನ್ನೂ ಹೇಳಿದಳು. ಎದೆ ಬಡಿಯುವುದು, ತಲೆ ಬಾಚಲಾಗದಿರುವುದು, ಒಳಗೆ ಕೂತದ್ದು ತನ್ನನ್ನು ಕಾಯುತ್ತಿದೆ ಎನ್ನಿಸುವುದು, ಎಲ್ಲ. ಡಾಕ್ಟರು ನಗಲಿಲ್ಲ. "ಅದೂ ಜಡ್ಡೇ," ಎಂದರು. "ಅದಕ್ಕೂ ಔಷಧ ಅದ. ನಾಳಿ ಮನಸ್ಸಿನ ಡಾಕ್ಟ್ರು ವಾರ್ಡಿಗೇ ಬರ್ತಾರ. ಆಗಬಹುದಾ?" ಅವಳು ತಲೆಯಾಡಿಸಿದಳು. ಜೈತುನಬಿ ಏನಂದಾಳು ಎಂಬುದು ಈಗ ಯಾವ ಮೂಲೆಗೆ?

ಕಿಡ್ನಿ ಉಳಿಯುತ್ತದೆಯೇ ಎಂದು ಕೇಳಿದಳು. "ಹೇಳಾಕ ಬರಂಗಿಲ್ಲ," ಎಂದರು ಡಾಕ್ಟರು. ಅವರು ಸುಳ್ಳು ಹೇಳುವವರಲ್ಲ.

ವಾರ್ಡಿನ ಹಾಸಿಗೆಯಲ್ಲಿ ಕೈಗೆ ಸೂಜಿ ಚುಚ್ಚಿಸಿಕೊಂಡು ಅವಳು ಬಾಗಿಲು ಕಾಯುತ್ತ ಮಲಗಿದಳು. ಮೂರು ಹೊಡೆಯಿತು, ನಾಲ್ಕು ಹೊಡೆಯಿತು. ಚಪ್ಪಲಿ ಸಪ್ಪಳವಾದಾಗಲೆಲ್ಲ ತಲೆ ಎತ್ತುವಳು. ಕಿಡ್ನಿ ಹೋದರೆ ಮಷೀನಾದರೂ ಇದೆ, ಇವನು ಹೋದರೆ ಏನಿದೆ? ಆ ಹೆದರಿಕೆಯ ಮುಂದೆ ಹಿಂದಿನವೆಲ್ಲ ಮಕ್ಕಳಾಟ ಎನ್ನಿಸಿತು.

ಐದೂವರೆಗೆ ದಾವಲಸಾಬ ಬಂದ. ಕಣ್ಣು ಕೆಂಪಾಗಿದ್ದವು. ಹಾಸಿಗೆಯ ಕಾಲ ಬಳಿಯ ಸ್ಟೂಲಿನ ಮೇಲೆ ಕೂತ.

"ದಿನಾ ಮುಂಜಾನಿ ಕೇಳತಿದ್ದೆ ನಾ," ಎಂದ. "ದಿನಾ ನಗತಾ ಹೇಳತಿದ್ದಿ."

"ಅಂಜಿದ್ದೆ."

"ಯಾರಿಗಿ? ನನಗಾ? ಒಂದು ದಿನ ನಿನ್ನ ಮ್ಯಾಲ ಕೈ ಎತ್ತೇನೇನು ಬೇ?"

"ನೀವು ಹೊಟ್ಟಿ ಕೊಯ್ಸಿಕೊಂಡು ಕೊಟ್ಟೀರಿ. ಅದು ನನಗ ಹೊರಾಕ ಆಗವಲ್ದು ಅಂತ ಯಾವ ಬಾಯಿಲೆ ಹೇಳಲಿ?"

ಅವನು ಎರಡೂ ಅಂಗೈಗಳಿಂದ ಮುಖ ಒರೆಸಿಕೊಂಡ. "ಹೊಡೀಬೇಕನಸ್ತದ ನಿನ್ನ, ಅಳಬೇಕೂ ಅನಸ್ತದ. ಯಾವುದು ಮೊದಲು ಮಾಡ್ಲಿ ತಿಳೀವಲ್ದು," ಎಂದ. ಎರಡನ್ನೂ ಮಾಡಲಿಲ್ಲ. ಹೊರಗೆ ಹೋಗಿ ಒಂದು ಲೋಟ ಚಹಾ ತಂದು, ಬಸಿಗೆ ಸುರುವಿ, ಆರಿಸಿ, ಅವಳ ಮುಂದಿಟ್ಟ.

ನಾಲ್ಕನೆಯ ಮುಂಜಾನೆ ಡಾಕ್ಟರು ಬಂದು, ನಂಬರು ಎರಡು ಪಾಯಿಂಟ್ ಎರಡಕ್ಕೆ ಇಳಿದಿದೆ ಎಂದರು. ಇನ್ನಷ್ಟು ಇಳಿದೀತು, ಆದರೆ ಒಂದು ಪಾಯಿಂಟ್ ಒಂದು ಇನ್ನು ಬರುವುದಿಲ್ಲ. ಒಂದು ಭಾಗ ಸತ್ತಿದೆ, ಉಳಿದದ್ದು ಅವಳ ಕೈಯಲ್ಲಿದೆ. ದಾವಲಸಾಬ ಕೈಕಟ್ಟಿ ನಿಂತು ಕೇಳಿಸಿಕೊಂಡ. ಡಾಕ್ಟರು ಗುಳಿಗೆ ತಪ್ಪಿಸಬೇಡಿ ಎಂದಾಗ ಈ ಸಲ ಅವನು ಅವಳ ಪರವಾಗಿ ಏನೂ ಉತ್ತರ ಹೇಳಲಿಲ್ಲ.

ಒಂಬತ್ತಾಯಿತು. ನರ್ಸು ಹೊಸ ಗುಳಿಗೆಯನ್ನು ಕಾಗದದ ಬಟ್ಟಲಿನಲ್ಲಿಟ್ಟು, ನೀರಿಟ್ಟು, ಪಕ್ಕದ ಹಾಸಿಗೆಗೆ ಹೋದಳು. ದಾವಲಸಾಬ ಸ್ಟೂಲಿನಿಂದ ಎದ್ದು ಕಿಟಕಿಯತ್ತ ಮುಖ ತಿರುಗಿಸಿ ನಿಂತುಕೊಂಡ.

"ನಾ ನೋಡಂಗಿಲ್ಲ," ಎಂದ. "ನಿನ್ನ ಗುಳಿಗಿ, ನಿನ್ನ ಜೀವ. ನಾ ಪೋಲೀಸ ಅಲ್ಲ. ತಗೋತಿ ಅಂತ ನಂಬತೇನಿ."

ಅವಳು ಗುಳಿಗೆಯನ್ನು ಅಂಗೈಗೆ ಸುರುವಿಕೊಂಡಳು. ನೀರಿನ ಲೋಟ ಎತ್ತಿದಳು, ಒಂದು ಗುಟುಕು ನುಂಗಿದಳು, ತಲೆ ಮೇಲೆತ್ತಿದಳು. ಲೋಟ ಕೆಳಗಿಡುವಾಗ ತನ್ನ ಬಲಗೈ ನೋಡಿಕೊಂಡಳು. ಹೆಬ್ಬೆರಳು ಒಳಗೆ ಮಡಿಸಿತ್ತು. ಗುಳಿಗೆ ಅದರ ಬುಡದಲ್ಲಿ ಬೆಚ್ಚಗೆ ಕೂತಿತ್ತು.

ಅವಳು ಮಡಿಸಿರಲಿಲ್ಲ. ಮಡಿಸಬೇಕೆಂದು ಮನಸ್ಸಿನಲ್ಲಿ ಒಂದು ಎಳೆಯೂ ಇರಲಿಲ್ಲ, ದೇವರಾಣೆ. ಅವನು ನೋಡುತ್ತಿಲ್ಲ ಎಂದು ಗೊತ್ತಾದದ್ದೇ ತಡ, ಕೈ ತಾನೇ ಮಡಿಸಿಕೊಂಡಿತ್ತು. ಈ ನಾಲ್ಕು ತಿಂಗಳಲ್ಲಿ ಯಾವ ಕಾಗದ, ಯಾವ ನಂಬರು, ಯಾವ ಬಾತ ಪಾದವೂ ಅವಳನ್ನು ಹೀಗೆ ಹೆದರಿಸಿರಲಿಲ್ಲ.

"ಇಕ್ಕಡಿ ನೋಡ್ರಿ!" ಎಂದು ಚೀರಿದಳು. ಪಕ್ಕದ ಹಾಸಿಗೆಯವರೂ ತಿರುಗಿದರು. ದಾವಲಸಾಬ ಗಾಬರಿಯಾಗಿ ಓಡಿಬಂದ. ಅವಳು ಕೈ ಚಾಚಿ ಹೆಬ್ಬೆರಳು ಬಿಚ್ಚಿ ತೋರಿಸಿದಳು.

"ನಂಬಬ್ಯಾಡ್ರಿ ನನ್ನ. ನನಗೇ ನನ್ನ ಮ್ಯಾಲ ಭರೋಸಾ ಇಲ್ಲ. ಕುಂದ್ರಿ ಇಲ್ಲಿ. ನಾ ಸಾಕು ಅನ್ನೂತನಕ ದಿನಾ ಕುಂತು ನೋಡ್ರಿ. ಪೋಲೀಸರೇ ಆಗ್ರಿ."

ಅವನು ಗುಳಿಗೆ ನೋಡಿದ, ಅವಳ ಮುಖ ನೋಡಿದ. ಸ್ಟೂಲನ್ನು ಹಾಸಿಗೆಗೆ ತಾಗುವಷ್ಟು ಹತ್ತಿರ ಎಳೆದು ಕೂತ. ಅವಳು ಅವನ ಕಣ್ಣೆದುರಿಗೆ ಗುಳಿಗೆಯನ್ನು ನಾಲಿಗೆಯ ಮೇಲಿಟ್ಟು, ನೀರು ಕುಡಿದು, ನುಂಗಿ, ಬಾಯಿ ತೆರೆದಳು.

ದಾವಲಸಾಬ ಜೇಬಿನಿಂದ ಫೋನು ತೆಗೆದು ಅದರ ಟಾರ್ಚು ಹಚ್ಚಿ, ಬಗ್ಗಿ, ಒಳಗೆಲ್ಲ ನೋಡಿದ.

"ನಾಲಿಗಿ ಎತ್ತು," ಎಂದ.

ಅವಳು ಎತ್ತಿದಳು.